ಸೌಂದರಿಗೆ ಕಲಿಸಿದ ಲೆಕ್ಕ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ಒಂದು ಶೀರ್ಷಿಕೆ ತಪ್ಪದೆ ಕಾಣಿಸಿಕೊಳ್ಳುತ್ತದೆ: 'ಬಾಲಕಿಯರದೇ ಮೇಲುಗೈ'. 2024ರಲ್ಲಿ ನಮ್ಮ ರಾಜ್ಯದಲ್ಲಿ ಪರೀಕ್ಷೆಗೆ ಕುಳಿತ ಬಾಲಕಿಯರಲ್ಲಿ ನೂರಕ್ಕೆ 81 ಮಂದಿ ಪಾಸಾದರೆ ಬಾಲಕರಲ್ಲಿ ಪಾಸಾದವರು ಸುಮಾರು 66 ಮಂದಿ. 2025ರಲ್ಲಿ ಬಾಲಕಿಯರು 74, ಬಾಲಕರು 58. ಹೆಣ್ಣುಮಕ್ಕಳು ಓದಿನಲ್ಲಿ ಹಿಂದೆ ಎಂದು ಇನ್ನು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. ಆದರೆ ಅದೇ ವಾರ, ಅದೇ ಮನೆಯಲ್ಲಿ, ಪಿಯುಸಿಗೆ ಯಾವ ವಿಷಯ ಎಂಬ ಮಾತು ಬಂದಾಗ ಹುಬ್ಬಳ್ಳಿ-ಧಾರವಾಡದ ಕಡೆ ಇನ್ನೊಂದು ಮಾತೂ ಕೇಳಿಬರುತ್ತದೆ: 'ಹುಡುಗಿಗೆ ಗಣಿತ ಯಾಕ ಬೇಕು? ಸುಮ್ನ ತ್ರಾಸು.'

ಈ ಎರಡು ಮಾತುಗಳ ನಡುವೆ ಒಂದು ಒಗಟು ಇದೆ. ಒಟ್ಟು ಫಲಿತಾಂಶದಲ್ಲಿ ಹುಡುಗಿಯರು ಮುಂದಿದ್ದರೂ ಗಣಿತವನ್ನಷ್ಟೇ ಬೇರೆ ತೆಗೆದು ನೋಡಿದರೆ ಚಿತ್ರ ಬದಲಾಗುತ್ತದೆ. 2023ರಲ್ಲಿ 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವಯಸ್ಸಿನವರನ್ನು ಕುರಿತು ನಡೆದ 'ಅಸರ್' ಸಮೀಕ್ಷೆಯಲ್ಲಿ ತಾಯ್ನುಡಿಯ ಓದಿನಲ್ಲಿ ಹುಡುಗಿಯರು ಮುಂದಿದ್ದರು. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕದಲ್ಲಿ ಮಾತ್ರ ಹುಡುಗರು ನೂರಕ್ಕೆ 45, ಹುಡುಗಿಯರು 42. ಅಂತರ ದೊಡ್ಡದಲ್ಲ, ಆದರೆ ಇದೆ. ಇದು ಹುಟ್ಟಿನಿಂದ ಬಂದದ್ದೋ, ನಾವು ಮಾಡಿಟ್ಟದ್ದೋ? ಉತ್ತರಕ್ಕೆ ಪ್ರಯೋಗಶಾಲೆಗೆ ಹೋಗುವ ಮೊದಲು ನಮ್ಮ ಊರಿನ ಇತಿಹಾಸವನ್ನೇ ಒಮ್ಮೆ ತಿರುವಿ ನೋಡಬಹುದು.

ಬಲಗೈ ಅಕ್ಷರ, ಎಡಗೈ ಅಂಕಿ

ಧಾರವಾಡ ಜಿಲ್ಲೆಯ ಅಣ್ಣಿಗೇರಿ ಆದಿಕವಿ ಪಂಪನ ತಾಯಿಯ ಕಡೆಯ ಊರು. ಪಂಪನ ತಮ್ಮ ಜಿನವಲ್ಲಭ ಬರೆಸಿದ ಕುರ್ಕ್ಯಾಲದ ಶಾಸನದ ಪ್ರಕಾರ ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಜೋಯಿಸರ ಮನೆ ಎಂದರೆ ಗ್ರಹಗತಿಯ ಲೆಕ್ಕದ ಮನೆ. ಆ ಮನೆಯ ಹೆಣ್ಣುಮಗಳ ಮಗ ಕ್ರಿ.ಶ. 941ರಲ್ಲಿ ಬರೆದು ಮುಗಿಸಿದ 'ಆದಿಪುರಾಣ'ದಲ್ಲಿ ಜೈನ ಪರಂಪರೆಯ ಒಂದು ಸೊಗಸಾದ ಪ್ರಸಂಗ ಬರುತ್ತದೆ. ಮೊದಲ ತೀರ್ಥಂಕರ ವೃಷಭನಾಥ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದು ವಿದ್ಯೆ ಕಲಿಸುತ್ತಾನೆ. ಬ್ರಾಹ್ಮಿಗೆ ಅಕ್ಷರ, ಸೌಂದರಿಗೆ ಅಂಕಿ. ಬಲಗೈಯಿಂದ ಬರೆದ ಅಕ್ಷರ ಎಡದಿಂದ ಬಲಕ್ಕೆ ಸಾಗಿತು, ಎಡಗೈಯಿಂದ ಬರೆದ ಅಂಕಿಯ ಸ್ಥಾನಬೆಲೆ ಬಲದಿಂದ ಎಡಕ್ಕೆ ಏರಿತು ಎಂದು ಪರಂಪರೆ ವಿವರಿಸುತ್ತದೆ. ಪುರಾಣ ಇತಿಹಾಸವಲ್ಲ, ನಿಜ. ಆದರೆ ಲೋಕದಲ್ಲಿ ಮೊದಲು ಲೆಕ್ಕ ಕಲಿತ ಶಿಷ್ಯೆ ಒಬ್ಬ ಹುಡುಗಿ ಎಂದು ಹೇಳಲು ಹತ್ತನೆಯ ಶತಮಾನದ ಕನ್ನಡ ನಾಡು ಹಿಂಜರಿಯಲಿಲ್ಲ ಎಂಬುದು ಇತಿಹಾಸ.

ಅದಕ್ಕೂ ಹಿಂದೆ, ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಗಣಿತ ಎಲ್ಲೆಲ್ಲಿ ಬೇಕು ಎಂದು ಅವನು ಕೊಡುವ ಪಟ್ಟಿಯಲ್ಲಿ ಅರ್ಥಶಾಸ್ತ್ರ, ಸಂಗೀತ, ವೈದ್ಯ, ವಾಸ್ತುಗಳ ಜೊತೆ ಅಡುಗೆಯ ಶಾಸ್ತ್ರವೂ ಸೇರಿದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಗಣಿತವನ್ನು ಕನ್ನಡದ ಪದ್ಯಗಳಿಗೆ ಇಳಿಸಿದ. ಅದೇ ಶತಮಾನದಲ್ಲಿ, 1150ರಲ್ಲಿ, ಭಾಸ್ಕರಾಚಾರ್ಯನ 'ಲೀಲಾವತಿ' ಬಂತು. ಅವನ ಊರು ವಿಜ್ಜಡವಿಡ ಎಂಬುದು ನಮ್ಮ ವಿಜಯಪುರವೇ ಎಂದು ಕೆಲವು ವಿದ್ವಾಂಸರ ವಾದ. ಆ ಪುಸ್ತಕದ ಎಷ್ಟೋ ಲೆಕ್ಕಗಳು ಒಬ್ಬ ಬಾಲೆಯನ್ನು ಉದ್ದೇಶಿಸಿ ಕೇಳಿದಂತಿವೆ.

ಲೀಲಾವತಿಯ ಕಥೆ ಎಲ್ಲರಿಗೂ ಗೊತ್ತು. ಮದುವೆಯ ಮುಹೂರ್ತ ನೋಡಲು ಇಟ್ಟ ಗಳಿಗೆ ಬಟ್ಟಲಿಗೆ ಅವಳ ಒಡವೆಯ ಮುತ್ತೊಂದು ಬಿದ್ದು ತೂತು ಮುಚ್ಚಿತು, ಮುಹೂರ್ತ ಮೀರಿಹೋಯಿತು, ಮದುವೆ ನಿಂತಿತು; ಮಗಳ ದುಃಖ ಮರೆಸಲು ತಂದೆ ಅವಳ ಹೆಸರಿನಲ್ಲಿ ಗ್ರಂಥ ಬರೆದ. ಈ ಕಥೆ ಭಾಸ್ಕರನ ಪುಸ್ತಕದಲ್ಲಿ ಇಲ್ಲ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದ ಮೂಲಕ ಅದು ಹಬ್ಬಿತು. ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಸೌಂದರಿಗೆ ಗಣಿತ ಸಿಕ್ಕಿದ್ದು ಅವಳು ಮಗಳು ಎಂಬ ಕಾರಣಕ್ಕೆ. ಲೀಲಾವತಿಗೆ ಸಿಕ್ಕಿದ್ದು ಮದುವೆ ಸಿಗಲಿಲ್ಲ ಎಂಬ ಕಾರಣಕ್ಕೆ. ಗಣಿತ ಹೆಣ್ಣಿಗೆ ಹಕ್ಕಾಗಿದ್ದದ್ದು ಸಮಾಧಾನದ ಬಹುಮಾನವಾಗಿ ಇಳಿದದ್ದನ್ನು ಈ ಕಥೆಯೇ ಹೇಳುತ್ತದೆ.

ಎಳೆ ಎಣಿಸಿದವರು

ಶಾಲೆಯ ಬಾಗಿಲು ಮುಚ್ಚಿದ್ದ ಕಾಲದಲ್ಲೂ ನಮ್ಮ ಹೆಂಗಸರು ಲೆಕ್ಕ ಬಿಡಲಿಲ್ಲ. ಗಾಂವಠಿ ಶಾಲೆಯಲ್ಲಿ ಗಂಡುಹುಡುಗರು ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ರಾಗವಾಗಿ ಒಪ್ಪಿಸುತ್ತಿದ್ದಾಗ ಮನೆಯಲ್ಲಿ ಪಾವು, ಸೇರುಗಳ ಲೆಕ್ಕದಲ್ಲಿ ವರ್ಷದ ಕಾಳು ತೂಗಿಸುತ್ತಿದ್ದವರು ಅವರ ತಾಯಂದಿರು. ಅಳಗುಳಿ ಮಣೆಯ ಗುಳಿಗಳಲ್ಲಿ ಹುಣಸೆಬೀಜ ಹಂಚುತ್ತ, ಮುಂದಿನ ನಾಲ್ಕು ನಡೆಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದವರೂ ಅವರೇ. ಬಾಗಿಲ ಮುಂದಿನ ಚುಕ್ಕಿ ರಂಗೋಲಿ ಸಮಾಂಗತೆಯ ಪಾಠ.

ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ಧಾರವಾಡದ ಕಸೂತಿ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡಿಸುವ ಹೆಂಗಸು ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಸೂಜಿ ಹಾಕುತ್ತಾಳೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯದು ವಿಶೇಷ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗಗಳನ್ನು ತುಂಬುವುದು. ಹೀಗಾಗಿ ಸೀರೆಯ ಎರಡೂ ಮೈಗೆ ಒಂದೇ ಚಿತ್ರ ಬರುತ್ತದೆ, ಗಂಟು ಕಾಣುವುದಿಲ್ಲ. ಎಷ್ಟೇ ತೊಡಕಿನ ಚಿತ್ರವಾದರೂ ಬಿಡಿಬಿಡಿಯಾಗಿರದೆ ಒಂದಕ್ಕೊಂದು ಕೂಡಿಕೊಂಡಿದ್ದರೆ, ಪ್ರತಿ ಗೆರೆಯ ಮೇಲೂ ಎರಡು ಸಲ ಸಾಗಿ ಹೊರಟ ಜಾಗಕ್ಕೇ ಬರಲು ದಾರಿ ಇದ್ದೇ ಇರುತ್ತದೆ. ಸೇತುವೆಗಳನ್ನು ಒಂದೊಂದು ಸಲ ಮಾತ್ರ ದಾಟಿ ಊರು ಸುತ್ತಬಹುದೇ ಎಂಬ ಪ್ರಶ್ನೆಯನ್ನು ಗಣಿತಜ್ಞ ಆಯ್ಲರ್ 1736ರಲ್ಲಿ ಬಿಡಿಸಿದಾಗ ಹುಟ್ಟಿದ ಶಾಸ್ತ್ರದಲ್ಲಿ ಇದು ಒಂದು ಪ್ರಮೇಯ. ಅದರ ಹೆಸರು ಕೇಳದವರ ಬೆರಳಿಗೂ ಅದು ಗೊತ್ತಿತ್ತು.

ಇದನ್ನು ಹೇಳುವುದು ಹಳೆಯದನ್ನು ಹೊಗಳಲಿಕ್ಕಲ್ಲ. ಕಸೂತಿ ಬಲ್ಲವಳಿಗೆ ಬೀಜಗಣಿತ ಬರುತ್ತಿತ್ತು ಎಂದು ಅರ್ಥವೂ ಅಲ್ಲ. ಕಲಿಸದೆ ಯಾರಿಗೂ ಬರುವುದಿಲ್ಲ. ವಿಚಿತ್ರವೆಂದರೆ, ಶಾಲೆ ಬಂದಾಗ ಈ ಎಣಿಕೆಯ ಬುದ್ಧಿಯನ್ನು ಗಣಿತಕ್ಕೆ ತಿರುಗಿಸುವ ಬದಲು, ಹೊಲಿಗೆ ಬೇರೆ ಗಣಿತ ಬೇರೆ ಎಂದು ಗೋಡೆ ಎಬ್ಬಿಸಲಾಯಿತು.

ಗಣಿತ ಬೇಡ, ಗೃಹಕೃತ್ಯ ಸಾಕು

ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬಾಸೆಲ್ ಮಿಷನ್‌ನವರೂ ಸರಕಾರವೂ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದರು. ಶಿಕ್ಷಕಿಯರ ತರಬೇತಿಗೆ ಧಾರವಾಡದಲ್ಲಿ ಕಾಲೇಜೂ ಬಂತು. ಆದರೆ ಒಳಗೆ ಏನು ಕಲಿಸಬೇಕು? 1882ರಲ್ಲಿ ನೇಮಕವಾದ ಹಂಟರ್ ಆಯೋಗ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯ ಪಠ್ಯ ಗಂಡುಮಕ್ಕಳದಕ್ಕಿಂತ ಸುಲಭವಾಗಿರಲಿ, ಮನೆವಾಳ್ತೆಗೆ ತಕ್ಕಂತಿರಲಿ ಎಂದು ಶಿಫಾರಸು ಮಾಡಿತು. ಉದ್ದೇಶ ಕೆಟ್ಟದ್ದಲ್ಲ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಲು ಒಪ್ಪದ ಹಿರಿಯರನ್ನು ಒಪ್ಪಿಸುವ ಉಪಾಯ ಅದು. ಆದರೆ ಉಪಾಯ ನಿಯಮವಾಯಿತು, ನಿಯಮ ನಂಬಿಕೆಯಾಯಿತು. ಸುಲಭದ ಪಠ್ಯ ಕೊಟ್ಟು ಬೆಳೆಸಿದ ಮೇಲೆ 'ಅವರಿಗೆ ಕಷ್ಟದ್ದು ಆಗದು' ಎನ್ನುವುದಕ್ಕೆ ಎಷ್ಟು ಹೊತ್ತು?

ಸುಧಾರಕರೂ ಇದರಿಂದ ಹೊರತಾಗಿರಲಿಲ್ಲ. ಮಹರ್ಷಿ ಧೋಂಡೊ ಕೇಶವ ಕರ್ವೆ ವಿಧವೆಯರ ಶಿಕ್ಷಣಕ್ಕೆ ಬದುಕನ್ನೇ ಕೊಟ್ಟವರು. ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ 1891ರಿಂದ 1914ರವರೆಗೆ ಅವರು ಕಲಿಸಿದ ವಿಷಯ ಗಣಿತ. ಆದರೆ 1916ರಲ್ಲಿ ಅವರೇ ಸ್ಥಾಪಿಸಿದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಗೃಹಶಾಸ್ತ್ರ, ಆರೋಗ್ಯಶಾಸ್ತ್ರಗಳಿಗೆ ಮುಖ್ಯ ಸ್ಥಾನ ಸಿಕ್ಕಿತು, ಗಣಿತ ಐಚ್ಛಿಕವಾಯಿತು. ತಾಯ್ನುಡಿಯಲ್ಲಿ ಉನ್ನತ ಶಿಕ್ಷಣ ಕೊಡುವಂಥ ದೊಡ್ಡ ಹೆಜ್ಜೆ ಇಟ್ಟವರಿಗೂ ತಮ್ಮ ವಿಷಯವೇ ಹೆಣ್ಣುಮಕ್ಕಳಿಗೆ ಅಗತ್ಯ ಎನ್ನಿಸಲಿಲ್ಲ.

ಇದು ನಮ್ಮ ದೇಶದ ದೋಷವಷ್ಟೇ ಅಲ್ಲ. ಗಣಿತದ ಕಾಶಿ ಎನ್ನಿಸಿಕೊಂಡಿದ್ದ ಕೇಂಬ್ರಿಜ್‌ನಲ್ಲಿ 1890ರಲ್ಲಿ ಫಿಲಿಪ್ಪಾ ಫಾಸೆಟ್ ಎಂಬ ತರುಣಿ ಟ್ರೈಪಾಸ್ ಪರೀಕ್ಷೆಯಲ್ಲಿ ಎಲ್ಲ ಗಂಡಸರಿಗಿಂತ ಹೆಚ್ಚು ಅಂಕ ಗಳಿಸಿದಳು. ಮೊದಲ ಸ್ಥಾನದವನಿಗೆ 'ಸೀನಿಯರ್ ರ್‍ಯಾಂಗ್ಲರ್' ಎಂಬ ಬಿರುದು. ಆಕೆಗೆ ಅದು ಸಿಗಲಿಲ್ಲ. 'ಸೀನಿಯರ್ ರ್‍ಯಾಂಗ್ಲರ್‌ಗಿಂತ ಮೇಲೆ' ಎಂದು ಪ್ರತ್ಯೇಕವಾಗಿ ಓದಿ ಹೇಳಿದರು. ಪದವಿಯಂತೂ ಇಲ್ಲವೇ ಇಲ್ಲ. ಕೇಂಬ್ರಿಜ್ ಹೆಂಗಸರಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ.

ಅದೇ ಕೇಂಬ್ರಿಜ್‌ನಲ್ಲಿ 1920ರ ದಶಕದಲ್ಲಿ ಗಣಿತ ಓದಿ ರ್‍ಯಾಂಗ್ಲರ್ ಆಗಿ ಬಂದವರು ಗೋಕಾಕ ಸೀಮೆಯ ಮಮದಾಪುರದ ಡಿ.ಸಿ. ಪಾವಟೆ. ಅವರು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಧಾರವಾಡದ ಗುಡ್ಡದ ಮೇಲೆ ಇಂದು ಕಾಣುವ ವಿದ್ಯಾನಗರಿ ರೂಪುಗೊಂಡದ್ದು ಒಬ್ಬ ಗಣಿತಜ್ಞನ ಕಾಲದಲ್ಲಿ. ಊರಿನಲ್ಲಿ ಗಣಿತಕ್ಕೆ ಗೌರವವಿತ್ತು. ಆದರೆ ಅಲ್ಲಿಯವರೆಗೆ ಬರುವ ದಾರಿಯಲ್ಲಿ, ಪ್ರೌಢಶಾಲೆಯ ಹಂತದಲ್ಲೇ, ದೇಶದ ಹಲವೆಡೆ ಹುಡುಗಿಯರು ಗೃಹವಿಜ್ಞಾನದ ಕಡೆಗೆ ಹೊರಳುವ ಪದ್ಧತಿ ಇತ್ತು. ದಾರಿ ಬೇರೆಯಾದ ಮೇಲೆ ಎಂ.ಎಸ್ಸಿ. ತರಗತಿಯಲ್ಲಿ ಹುಡುಗಿಯರು ಏಕಿಲ್ಲ ಎಂದು ಕೇಳುವುದರಲ್ಲಿ ಅರ್ಥವಿರಲಿಲ್ಲ.

ದಾರಿ ತೆರೆದಲ್ಲಿ ಫಲ ಬೇಗ ಕಂಡಿತು. ಮೈಸೂರು ಸಂಸ್ಥಾನದಲ್ಲಿ ಬೆಳೆದ ರಾಜೇಶ್ವರಿ ಚಟರ್ಜಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಎಂ.ಎಸ್ಸಿ. ಮುಗಿಸಿ 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಮುಂದೆ ಮೈಕ್ರೋವೇವ್ ತಂತ್ರಜ್ಞಾನದಲ್ಲಿ ಪ್ರಾಧ್ಯಾಪಕಿಯಾದರು. ಓದು ಬಲ್ಲ, ಓದಿಗೆ ಬೆಲೆ ಕೊಡುವ ಅಜ್ಜಿ ಅವರ ಮನೆಯಲ್ಲಿದ್ದರು ಎಂಬುದನ್ನು ಮರೆಯುವಂತಿಲ್ಲ.

ನೂರೈವತ್ತರಲ್ಲಿ ಒಬ್ಬಳು

1962ರಲ್ಲಿ ರಚನೆಯಾದ ಹಂಸಾ ಮೆಹ್ತಾ ಸಮಿತಿ ಹುಡುಗ ಹುಡುಗಿಯರಿಗೆ ಬೇರೆ ಬೇರೆ ಪಠ್ಯಕ್ರಮ ಇರಕೂಡದು ಎಂದು ಸ್ಪಷ್ಟವಾಗಿ ಹೇಳಿತು. 1964-66ರ ಕೊಠಾರಿ ಆಯೋಗ ಅದನ್ನು ಎತ್ತಿಹಿಡಿದು, ಮೊದಲ ಹತ್ತು ವರ್ಷ ಎಲ್ಲ ಮಕ್ಕಳಿಗೂ ಗಣಿತ, ವಿಜ್ಞಾನ ಕಡ್ಡಾಯವಾಗಲಿ ಎಂದಿತು. ಹುಡುಗಿಯರು ಹತ್ತನೆಯ ತರಗತಿಯವರೆಗೆ ಹುಡುಗರ ಜೊತೆ ಒಂದೇ ಗಣಿತ ಪುಸ್ತಕ ಓದುವುದು ಇಂದು ನಮಗೆ ಸಹಜ ಅನಿಸುತ್ತದೆ. ಇದು ನಮ್ಮ ದೇಶದಲ್ಲಿ ವ್ಯಾಪಕವಾಗಿ ನೆಲೆಯೂರಿ ಅರ್ಧ ಶತಮಾನವಷ್ಟೇ ಆಗಿದೆ.

ಕೊಠಾರಿ ಆಯೋಗದ ವರದಿ ಬಂದ ಎರಡು ವರ್ಷಕ್ಕೆ, 1968ರಲ್ಲಿ, ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿಗೆ ಶಿಗ್ಗಾವಿ ಮೂಲದ ಒಬ್ಬ ಹುಡುಗಿ ಸೇರಿದಳು. 150 ವಿದ್ಯಾರ್ಥಿಗಳಲ್ಲಿ ಅವಳೊಬ್ಬಳೇ ಹೆಣ್ಣು. ಪ್ರಾಚಾರ್ಯರು ಮೂರು ಷರತ್ತು ಹಾಕಿದರು: ಸೀರೆಯುಟ್ಟು ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು. ಕಾಲೇಜಿನಲ್ಲಿ ಹೆಣ್ಣುಮಕ್ಕಳ ಶೌಚಾಲಯವೇ ಇರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಅವಳು ಮೊದಲಿಗಳಾದ ಮೇಲೆ ಹುಡುಗರೇ ಬಂದು ಮಾತಾಡಿಸಿದರು. ಇದನ್ನೆಲ್ಲ ಆ ಹುಡುಗಿ, ಅಂದರೆ ಸುಧಾ ಮೂರ್ತಿ, ತಾವೇ ಹಲವು ಕಡೆ ಹೇಳಿಕೊಂಡಿದ್ದಾರೆ. ಈ ಕಥೆಯನ್ನು ಸಾಮಾನ್ಯವಾಗಿ ಒಬ್ಬರ ಧೈರ್ಯದ ಕಥೆಯಾಗಿ ಓದುತ್ತೇವೆ. ಲೆಕ್ಕದ ಕಣ್ಣಿನಿಂದಲೂ ಓದಬೇಕು. ನೂರೈವತ್ತರಲ್ಲಿ ಒಬ್ಬಳು ಬಂದಾಗ ಅವಳು ಮೊದಲಿಗಳಾದಳು ಎಂದರೆ, ಬಾರದೆ ಉಳಿದವರಲ್ಲಿ ಎಷ್ಟು ಮಂದಿ ಮೊದಲಿಗರಿದ್ದಿರಬಹುದು?

ಲೋಕದ ಲೆಕ್ಕ

ಇನ್ನು ಹೊರಗಿನ ಲೋಕವನ್ನು ನೋಡೋಣ. ಬೇರೆ ಬೇರೆ ದೇಶಗಳ ಮಕ್ಕಳಿಗೆ ಒಂದೇ ಬಗೆಯ ಗಣಿತ ಪರೀಕ್ಷೆ ಕೊಟ್ಟು ಹೋಲಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ಮೊದಲು ನಡೆದದ್ದು 1964ರಲ್ಲಿ, 12 ದೇಶಗಳಲ್ಲಿ. ಹೆಚ್ಚಿನ ಕಡೆ ಹುಡುಗರು ಮುಂದಿದ್ದರು. ಆದರೆ ಅಂತರ ಎಲ್ಲ ಕಡೆ ಒಂದೇ ಆಗಿರಲಿಲ್ಲ. 2000ದಿಂದ ನಡೆಯುತ್ತಿರುವ 'ಪಿಸಾ' ಪರೀಕ್ಷೆ 15 ವರ್ಷದವರದು. 2003ರಲ್ಲಿ ಐಸ್‌ಲ್ಯಾಂಡಿನ ಹುಡುಗಿಯರು ಗಣಿತದಲ್ಲಿ ಹುಡುಗರನ್ನು ಹಿಂದೆ ಹಾಕಿ ಎಲ್ಲರನ್ನೂ ಬೆರಗುಗೊಳಿಸಿದರು. 2022ರಲ್ಲಿ 81 ದೇಶ-ಪ್ರದೇಶಗಳಲ್ಲಿ 40ರಲ್ಲಿ ಹುಡುಗರು ಮುಂದೆ, 17ರಲ್ಲಿ ಹುಡುಗಿಯರು ಮುಂದೆ, ಉಳಿದ 24ರಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಹುಡುಗರು ತೀರ ಮುಂದಿದ್ದದ್ದು ಇಟಲಿಯಲ್ಲಿ; ಹುಡುಗಿಯರು ಮುಂದಿದ್ದ ದೇಶಗಳಲ್ಲಿ ಫಿನ್‌ಲ್ಯಾಂಡ್, ಫಿಲಿಪ್ಪೀನ್ಸ್, ಜಮೈಕಾ ಸೇರಿವೆ. ಗಣಿತದ ಶಕ್ತಿ ಗಂಡುಹುಟ್ಟಿನ ಜೊತೆ ಬರುವುದಾದರೆ ದೇಶದ ಗಡಿ ದಾಟುತ್ತಲೇ ಅದು ತಲೆಕೆಳಗಾಗುವುದು ಹೇಗೆ?

ಹಾಗೆಂದು ಕಾರಣ ಸುಲಭವಾಗಿ ಸಿಗುವುದಿಲ್ಲ. ಸ್ತ್ರೀಪುರುಷ ಸಮಾನತೆ ಹೆಚ್ಚಿದ್ದಲ್ಲಿ ಅಂತರ ಕಡಿಮೆ ಎಂದು 2008ರಲ್ಲಿ ಒಂದು ಅಧ್ಯಯನ ವಾದಿಸಿತು. ಎರಡು ವರ್ಷದ ನಂತರ ಇನ್ನೊಂದು ಅಧ್ಯಯನ, ಹೆಂಗಸರಿಗೆ ಸ್ವಾತಂತ್ರ್ಯ ಕಡಿಮೆ ಇರುವ ಕೆಲವು ಪಶ್ಚಿಮ ಏಷ್ಯಾ ದೇಶಗಳಲ್ಲೂ ಅಂತರವಿಲ್ಲ ಎಂದು ತೋರಿಸಿತು. ಅಲ್ಲಿ ಹುಡುಗಿಯರ ಶಾಲೆಗಳೇ ಬೇರೆ. ಗಣಿತ ಹುಡುಗರ ವಿಷಯ ಎನ್ನಲು ತರಗತಿಯಲ್ಲಿ ಹುಡುಗರೇ ಇಲ್ಲ. ಇರಾನಿನ ಮರಿಯಂ ಮಿರ್ಜಾಖಾನಿ ಓದಿದ್ದು ಹುಡುಗಿಯರ ಶಾಲೆಯಲ್ಲಿ. 1994, 1995ರಲ್ಲಿ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಚಿನ್ನದ ಪದಕ ಗೆದ್ದ ಆಕೆ 2014ರಲ್ಲಿ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದರು. ಇದರಿಂದ ಬೇರೆ ಶಾಲೆಯೇ ಮದ್ದು ಎಂದು ತೀರ್ಮಾನಿಸುವುದು ಆತುರವಾದೀತು. ಆದರೆ ಅಂತರ ಬೆಳೆಯುವುದು ಸುತ್ತಲಿನ ವಾತಾವರಣದಲ್ಲಿ ಎಂಬುದು ಖಚಿತವಾಗುತ್ತದೆ.

ಅಮೆರಿಕದ ಒಂದು ಉದಾಹರಣೆ ಇದನ್ನೇ ಇನ್ನೊಂದು ದಿಕ್ಕಿನಿಂದ ಹೇಳುತ್ತದೆ. ಅಲ್ಲಿ 13 ವರ್ಷ ತುಂಬದ ಪ್ರತಿಭಾವಂತರಲ್ಲಿ ಗಣಿತದಲ್ಲಿ ಅತಿ ಹೆಚ್ಚು ಅಂಕ ಪಡೆದವರನ್ನು ಎಣಿಸಿದಾಗ, 1980ರ ದಶಕದ ಮೊದಲಲ್ಲಿ 13 ಹುಡುಗರಿಗೆ ಒಬ್ಬ ಹುಡುಗಿ ಇದ್ದಳು. ಇದು ಪ್ರಕೃತಿಯ ನಿಯಮವೇ ಇರಬೇಕು ಎಂದು ಹಲವರು ಬರೆದರು. ಒಂದು ತಲೆಮಾರು ಕಳೆಯುವುದರಲ್ಲಿ ಆ ಪ್ರಮಾಣ ಮೂರು ನಾಲ್ಕು ಹುಡುಗರಿಗೆ ಒಬ್ಬ ಹುಡುಗಿ ಎಂಬಲ್ಲಿಗೆ ಇಳಿಯಿತು. ಅಷ್ಟರಲ್ಲಿ ಮಿದುಳು ಬದಲಾಗುವುದಿಲ್ಲ. ಶಾಲೆ ಬದಲಾಗುತ್ತದೆ, ಮನೆ ಬದಲಾಗುತ್ತದೆ.

ಅಂತರ ಯಾವಾಗ ಹುಟ್ಟುತ್ತದೆ ಎಂಬುದಕ್ಕೆ ಬಲವಾದ ಉತ್ತರ ಬಂದದ್ದು ಫ್ರಾನ್ಸಿನಿಂದ, 2025ರಲ್ಲಿ. 2018ರಿಂದ ನಾಲ್ಕು ವರ್ಷ ಒಂದನೆಯ ತರಗತಿಗೆ ಸೇರಿದ 25 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಅಲ್ಲಿ ಪರೀಕ್ಷಿಸಿದ್ದರು. ಶಾಲೆಗೆ ಸೇರುವ ದಿನ ಹುಡುಗ ಹುಡುಗಿಯರ ಗಣಿತದಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ನಾಲ್ಕು ತಿಂಗಳ ನಂತರ ಹುಡುಗರು ಮುಂದೆ. ವರ್ಷ ಕಳೆಯುವಾಗ ಅಂತರ ನಾಲ್ಕು ಪಟ್ಟು. ಇದು ಬಡವರ ಮನೆಯಲ್ಲೂ ಶ್ರೀಮಂತರ ಮನೆಯಲ್ಲೂ ಕಂಡಿತು. ವಯಸ್ಸು ಹೆಚ್ಚಿದ್ದರೂ ಕಡಿಮೆಯಿದ್ದರೂ, ಶಾಲೆಯಲ್ಲಿ ಕಳೆದ ತಿಂಗಳುಗಳ ಜೊತೆ ಬೆಳೆಯಿತು. ಅಂದರೆ ಮಕ್ಕಳು ಈ ಅಂತರವನ್ನು ತಂದುಕೊಂಡು ಬರುವುದಿಲ್ಲ. ಬಂದ ಮೇಲೆ ಕಲಿಯುತ್ತಾರೆ.

ಏನನ್ನು ಕಲಿಯುತ್ತಾರೆ? 'ಪಿಸಾ' ವರದಿಗಳಲ್ಲಿ ಒಂದು ಸುಳಿವಿದೆ. ಸಮಾನ ಅಂಕ ಪಡೆದ ಹುಡುಗ ಹುಡುಗಿಯರನ್ನು ಹೋಲಿಸಿದರೂ ಗಣಿತದ ಅಂಜಿಕೆ ಹುಡುಗಿಯರಲ್ಲೇ ಹೆಚ್ಚು. ಲೆಕ್ಕ ತಪ್ಪಿದ ಹುಡುಗನಿಗೆ 'ಮೈಗಳ್ಳ, ಇನ್ನಷ್ಟು ಓದು' ಎನ್ನುತ್ತೇವೆ. ಹುಡುಗಿಗೆ 'ಹೋಗಲಿ ಬಿಡು' ಎನ್ನುತ್ತೇವೆ. ಮೊದಲನೆಯದು ಬೈಗುಳದಂತೆ ಕೇಳಿದರೂ ಅದರೊಳಗೆ ನಂಬಿಕೆ ಇದೆ. ಎರಡನೆಯದು ಕರುಣೆಯಂತೆ ಕೇಳಿದರೂ ಅದರೊಳಗೆ ಬಾಗಿಲು ಮುಚ್ಚಿದ ಸದ್ದಿದೆ.

ಉಳಿದಿರುವ ಬಾಗಿಲು

ಈ ಮಾತು ಹುಡುಗರ ವಿರುದ್ಧದ ವಕೀಲಿಯಲ್ಲ. ಎಸ್ಸೆಸ್ಸೆಲ್ಸಿಯ ಅಂಕಿಗಳೇ ಹೇಳುವಂತೆ ನಮ್ಮ ಹುಡುಗರು ಒಟ್ಟು ಓದಿನಲ್ಲಿ ಹಿಂದೆ ಬೀಳುತ್ತಿದ್ದಾರೆ. ಅದಕ್ಕೂ ಬೇರೆಯೇ ಚಿಂತನೆ ಬೇಕು. ಆದರೆ ಹುಡುಗಿಯರ ವಿಷಯದಲ್ಲಿ ಪ್ರಶ್ನೆ ಪಾಸಾಗುವುದರದಲ್ಲ, ಪಾಸಾದ ಮೇಲಿನದು.

2016ರಲ್ಲಿ ಧಾರವಾಡಕ್ಕೆ ಐಐಟಿ ಬಂತು. ಮೊದಲು ವಾಲ್ಮಿ ಆವರಣದಲ್ಲಿದ್ದ ಅದರ ಸ್ವಂತ ನೆಲೆ ಚಿಕ್ಕಮಲ್ಲಿಗವಾಡದ ಬಳಿ 2023ರ ಮಾರ್ಚ್‌ನಲ್ಲಿ ಲೋಕಾರ್ಪಣೆಯಾಯಿತು. ದೇಶದ ಐಐಟಿಗಳಲ್ಲಿ ಹುಡುಗಿಯರ ಪಾಲು ನೂರಕ್ಕೆ ಹತ್ತನ್ನೂ ಮುಟ್ಟದಿದ್ದಾಗ ಸರಕಾರ 2018ರಿಂದ ಅವರಿಗಾಗಿ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಿತು. ಹುಡುಗರ ಸೀಟು ಕಡಿಮೆ ಮಾಡದೆ ಹುಡುಗಿಯರ ಪಾಲನ್ನು ಮೊದಲು ನೂರಕ್ಕೆ 14ಕ್ಕೆ, 2020ರ ಹೊತ್ತಿಗೆ 20ಕ್ಕೆ ಏರಿಸುವ ಗುರಿ ಅದು. ಐದರಲ್ಲಿ ಒಬ್ಬಳು. ನೂರೈವತ್ತರಲ್ಲಿ ಒಬ್ಬಳಿದ್ದ ಊರಿಗೆ ಇದು ದೊಡ್ಡ ದಾರಿ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಮೇಲುಗೈ ಸಾಧಿಸಿದವರು ಎರಡೇ ವರ್ಷದಲ್ಲಿ ಐದರಲ್ಲಿ ಒಬ್ಬರಾಗುವುದು ಏಕೆ? ನಡುವೆ ಪಿಯುಸಿಯ ಆಯ್ಕೆ ಇದೆ; ಕೋಚಿಂಗ್‌ಗೆ ಮಗನಿಗೆ ಕಟ್ಟುವ ಫೀಜು ಮಗಳಿಗೂ ಕಟ್ಟಬೇಕೇ ಎಂಬ ಲೆಕ್ಕಾಚಾರ ಇದೆ; ಊರು ಬಿಟ್ಟು ಕಳಿಸುವ ಅಂಜಿಕೆ ಇದೆ. ಇವು ಯಾವುವೂ ಗಣಿತದ ಪರೀಕ್ಷೆಗಳಲ್ಲ. ಆದರೂ ಗಣಿತದಲ್ಲಿ ಯಾರು ಮುಂದೆ ಹೋಗಬೇಕು ಎಂಬುದನ್ನು ನಿರ್ಧರಿಸುವುದು ಇವೇ.

ಸರಕಾರ ಸೀಟು ಹೆಚ್ಚಿಸಬಹುದು, ಆಯೋಗ ಪಠ್ಯ ಬದಲಿಸಬಹುದು. ಎರಡೂ ಆಗಿವೆ. ಒಂದನೆಯ ತರಗತಿಯ ಮೊದಲ ನಾಲ್ಕು ತಿಂಗಳು ಮಾತ್ರ ಶಿಕ್ಷಕರ ಕೈಯಲ್ಲಿವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ನಂತರದ ಮೊದಲ ವಾರ ತಂದೆ-ತಾಯಿಯ ಕೈಯಲ್ಲಿದೆ. ಅಣ್ಣಿಗೇರಿಯ ಜೋಯಿಸರ ಮನೆಯ ಹೆಣ್ಣುಮಗಳ ಮಗ ಹೇಳಿದ ಕಥೆಯಲ್ಲಿ ತಂದೆ ಮಗಳನ್ನು ಲೆಕ್ಕಕ್ಕೆ ಕೂಡಿಸುವಾಗ ಇವಳಿಗೆ ಇದು ಯಾಕೆ ಬೇಕು ಎಂದು ಯೋಚಿಸುವುದಿಲ್ಲ. ಸಾವಿರ ವರ್ಷದ ಹಿಂದಿನ ಆ ತಂದೆಯಷ್ಟು ನಂಬಿಕೆ ಇದ್ದರೆ ಸಾಕು.